ಚುಕ್ಕಿಸಂತೆಯ ಒಡೆಯದ ಹಡಗು

ವೇದಿಕೆಯ ಮೇಲಿರುವ ಹಿರಿಯರಿಗೆ, ನಮ್ಮ ಕಾಲೇಜಿನ ಬಂಧುಗಳಿಗೆ, ನಾರಾಯಣಖೇಡ, ತಾಂಡೂರುಗಳಿಂದ ಎರಡೆರಡು ಬಸ್ಸು ಬದಲಿಸಿ ಜಹೀರಾಬಾದಿಗೆ ಬಂದಿರುವ ಆಟಗಾರ ಮಿತ್ರರಿಗೆ ನಮಸ್ಕಾರ. ಮಗ ದೇವಿದಾಸನನ್ನು ಕಳೆದುಕೊಂಡ ಮೊಗಲಪ್ಪ ಕಾಕಾ, ಗಂಡನನ್ನು ಕಳೆದುಕೊಂಡ ತಂಗಿ ಶಿಲ್ಪಾರಾಣಿ — ನಿಮಗೆ ಜೈಭೀಮ್. ನಿಮ್ಮ ದುಃಖದ ಮುಂದೆ ನಮ್ಮದು ದೊಡ್ಡದಲ್ಲ. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆಂದರೆ ಮುಂದೆ ನಾನು ಆಡುವ ಮಾತಿನಿಂದ ನಿಮಗೆ ನೋವಾಗಬಹುದು.

ನಾನು ಆನಂದತೀರ್ಥ. ಇದೇ ಕಾಲೇಜಿನಲ್ಲಿ ಭೌತಶಾಸ್ತ್ರದ ಮಾಸ್ತರ. ಮೂರು ನಿಮಿಷ ಮಾತಾಡಿ ಅಂದಿದ್ದಾರೆ. ಮೂರು ನಿಮಿಷದಲ್ಲಿ ನಾನು ಹಾಜರಿ ಕೂಡ ಕರೆದವನಲ್ಲ. ಹುಡುಗರು ನಗುತ್ತಿದ್ದಾರೆ — ನಗ್ರಿ, ಪರವಾಗಿಲ್ಲ. ದೇವಿದಾಸನೂ ಹೀಗೇ ಕೊನೆಯ ಬೆಂಚಿನ ಹತ್ತಿರ ನಿಂತು ನಗುತ್ತಿದ್ದ.

ನನಗಿಂತ ಮುಂಚೆ ಮಾತಾಡಿದ ನಮ್ಮ ಪ್ರಿನ್ಸಿಪಾಲರು ಒಂದು ಮಾತು ಹೇಳಿದರು. ನಮ್ಮ ಲ್ಯಾಬ್ ಸಹಾಯಕ ದೇವಿದಾಸ ಯಾರಿಗೂ ‘ಇಲ್ಲ’ ಅಂದವನಲ್ಲ ಅಂತ. ಖರೆ. ನೂರಕ್ಕೆ ನೂರು ಖರೆ. ಪ್ರಿಂಟರ್ ಕೆಟ್ಟರೆ ದೇವಿದಾಸ, ಹಾಲ್ ಟಿಕೆಟ್ ಬರದಿದ್ದರೆ ದೇವಿದಾಸ, ನಿಮ್ಮ ಮನೆಯ ಟೀವಿಯಲ್ಲಿ ಚುಕ್ಕಿ ಬಂದರೂ ದೇವಿದಾಸ. ‘ಇಲ್ಲ’ ಅನ್ನಲಿಲ್ಲ. ಅದೇ — ಅದೇ ನನ್ನ ತಕರಾರು. ಒಂದೇ ಒಂದು ಸಲ ನನಗೆ ‘ಇಲ್ಲ’ ಅಂದಿದ್ದರೆ ನಾನು ಇವತ್ತು ಈ ಮೈಕಿನ ಮುಂದೆ ಹೀಗೆ ತಲೆ ತಗ್ಗಿಸಿ ನಿಲ್ಲುತ್ತಿರಲಿಲ್ಲ.

ಕಾಮಾಲೆ ಅವನನ್ನು ಒಂಬತ್ತೇ ದಿನದಲ್ಲಿ ತೆಗೆದುಕೊಂಡು ಹೋಯಿತು. ಮೂವತ್ತಮೂರು ವರ್ಷ. ಅದಾಗಿ ಇವತ್ತಿಗೆ ಹದಿನೇಳು ದಿನ. ಈ ಹದಿನೇಳು ದಿನದಲ್ಲಿ ಮೊದಲ ಐದು ದಿನ ನಾನು ಅತ್ತಿದ್ದೇನೆ. ಉಳಿದ ಹನ್ನೆರಡು ದಿನ ಸಿಟ್ಟಿನಲ್ಲಿದ್ದೇನೆ. ಸತ್ತವನ ಮೇಲೆ ಸಿಟ್ಟು ಮಾಡಿಕೊಳ್ಳುವುದು ಬಹಳ ಕಷ್ಟರಿ. ಎದುರು ನಿಂತು ಜಗಳ ಆಡುವ ಹಾಗಿಲ್ಲ.

ಆಟ ಗೊತ್ತಿಲ್ಲದ ಹಿರಿಯರು ಇಲ್ಲಿದ್ದೀರಿ. ನಿಮಗೋಸ್ಕರ ಸ್ವಲ್ಪ ಹೇಳುತ್ತೇನೆ. ಎರಡು ಸಾವಿರದ ಹತ್ತರಲ್ಲಿ ದೇವಿದಾಸ ಒಂದು ಕಂಪ್ಯೂಟರ್ ಆಟ ಮಾಡಲು ಶುರು ಮಾಡಿದ. ಹೆಸರು ಚುಕ್ಕಿಸಂತೆ. ಆಕಾಶದಲ್ಲಿ ಹಡಗು. ಒಂದು ಗ್ರಹದಲ್ಲಿ ಜೋಳ ತುಂಬಿಕೊಳ್ಳಬೇಕು, ಇನ್ನೊಂದು ಗ್ರಹದಲ್ಲಿ ಮಾರಿ ಕಬ್ಬಿಣ ಕೊಳ್ಳಬೇಕು. ದಾರಿಯಲ್ಲಿ ಕಳ್ಳರು ಬರುತ್ತಾರೆ, ಅವರ ಜೊತೆ ಯುದ್ಧ ಮಾಡಬೇಕು. ವ್ಯಾಪಾರ ಮತ್ತು ಯುದ್ಧ — ನಾವು ಅಂದುಕೊಂಡ ಆಟ ಅಂದರೆ ಇವೆರಡೇ. ಕಂಪನಿ ಇಲ್ಲ, ಸಂಬಳ ಇಲ್ಲ. ಮಾಡುವವನು ಅವನು ಒಬ್ಬ. ಗ್ರಹ ಎಷ್ಟು ದೂರ, ಹಡಗು ಎಷ್ಟು ಜೋರು, ಈ ಲೆಕ್ಕ ಹೇಳುವವನು ನಾನು.

ಮೊಗಲಪ್ಪ ಕಾಕಾ ನಾರಾಯಣಖೇಡದ ದನದ ಸಂತೆಯಲ್ಲಿ ನಲವತ್ತು ವರ್ಷ ದಲ್ಲಾಳಿಯಾಗಿದ್ದವರು. ಅಲ್ಲಿ ಎತ್ತಿನ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ಕೊಳ್ಳುವವನ ಕೈ, ಮಾರುವವನ ಕೈ, ಮೇಲೊಂದು ಟವೆಲ್. ಒಳಗೆ ಬೆರಳು ಹಿಡಿದು ಬೆಲೆ ಕಟ್ಟುವುದು. ಸುತ್ತ ಹತ್ತು ಜನ ನಿಂತಿರುತ್ತಾರೆ, ಒಬ್ಬರಿಗೂ ತಿಳಿಯುವುದಿಲ್ಲ. ದೇವಿದಾಸ ಅದನ್ನೇ ಆಟದಲ್ಲಿ ತಂದ. ಇಬ್ಬರು ಆಟಗಾರರು ಒಂದೇ ಕೀಬೋರ್ಡಿನ ಮುಂದೆ ಕೂರಬೇಕು. ಕೈ ಮೇಲೆ ಟವೆಲ್ — ಖರೇ ಟವೆಲ್ ರೀ, ಹೀಗೆ ಹಾಸುವುದು. ಅದರ ಕೆಳಗೆ ಇವನು ಒಂದು ಗುಂಡಿ ಒತ್ತುತ್ತಾನೆ, ಅವನು ಒಂದು ಒತ್ತುತ್ತಾನೆ. ಇಬ್ಬರದೂ ಕೂಡಿದಾಗ ಮಾತ್ರ ಪರದೆಯ ಮೇಲೆ ಗಂಟೆ ಹೊಡೆಯುತ್ತದೆ, ಸರಕು ಹಡಗಿಗೆ ಏರುತ್ತದೆ.

ಕಾಕಾ ಒಮ್ಮೆ ನಮ್ಮ ಲ್ಯಾಬಿಗೆ ಬಂದು ಅದನ್ನು ನೋಡಿದರು. ಕುರ್ಚಿಯ ಮೇಲೆ ಕೂರಲೇ ಇಲ್ಲ. ನಿಂತೇ ಟವೆಲ್ ಕೆಳಗೆ ಕೈ ಇಟ್ಟು ನನ್ನ ಜೊತೆ ಶುಕ್ರಗ್ರಹದ ಜೋಳಕ್ಕೆ ಬೆಲೆ ಕಟ್ಟಿದರು. ನಾನು ಪೂರಾ ಮುಳುಗಿದೆ. ಕೈ ಹೊರಗೆ ತೆಗೆದು ಅವರು ಅಂದರು, “ಸರ್, ನೀವು ಎತ್ತು ಕೊಳ್ಳಾಕ ಹೋಗಬ್ಯಾಡ್ರಿ.” ದೇವಿದಾಸ ಅವತ್ತು ಎಷ್ಟು ನಕ್ಕ ಅಂದರೆ ಕಣ್ಣಲ್ಲಿ ನೀರು ಬಂತು.

ಆಟವನ್ನು ಮೂರು ಕಡೆ ಹಾಕಿದೆವು. ಇಲ್ಲಿ ನಮ್ಮ ಲ್ಯಾಬು, ನಾರಾಯಣಖೇಡದ ಒಂದು ಝೆರಾಕ್ಸ್ ಅಂಗಡಿ, ತಾಂಡೂರಿನಲ್ಲಿ ರಾಮುಲು ಅವರ ನೆಟ್ ಸೆಂಟರ್. ಒಂದೊಂದು ಕಡೆ ಒಂದೊಂದು ಉದ್ದನೆಯ ಪುಸ್ತಕ ಇಟ್ಟು, ದಾರ ಕಟ್ಟಿ ಪೆನ್ನು ತೂಗುಹಾಕಿದೆವು. ಆಡಿದವರು ಅನಿಸಿಕೆ ಬರೆಯಬೇಕು. ದೇವಿದಾಸ ಮೋಟರ್ ಸೈಕಲ್ ಮೇಲೆ ಆ ಪುಸ್ತಕ ತಂದುಕೊಡುವವನು, ನಾನು ಓದಿ ಉತ್ತರ ಬರೆಯುವವನು. ಇದು ನಮ್ಮ ಕೆಲಸದ ರೀತಿ.

ಏನು ಅನಿಸಿಕೆಗಳು ಸ್ವಾಮಿ! ಕನ್ನಡ, ತೆಲುಗು, ಉರ್ದು, ಒಂದೇ ಸಾಲಿನಲ್ಲಿ ಮೂರೂ. ನಾರಾಯಣಖೇಡದವರು ಒಬ್ಬರು ಬರೆದಿದ್ದರು, “ಆಟ ಛಲೋ ಅದ. ಆದ್ರ ಚಂದ್ರನ ಮ್ಯಾಲಿನ ಅಂಗಡಿಯವ ಬಂದವರಿಗೆ ಚಾ ಸುದ್ದಾ ಕೇಳಂಗಿಲ್ಲ.” ಇನ್ನೊಬ್ಬರು, “ಮಂಗಳದಿಂದ ಗುರುವಿಗೆ ಹೋಗಾಕ ಇಪ್ಪತ್ತು ಮಿನಿಟು. ನಮ್ಮ ಊರ ಬಸ್ಸೇ ಜಲ್ದಿ ಬರ್ತದ.” ಅದು ನನ್ನ ಲೆಕ್ಕದ ಮೇಲೆ ಬಂದ ತಕರಾರು, ನನಗೆ ಬಹಳ ಸಿಟ್ಟು ಬಂದಿತ್ತು. ಹತ್ತು ಅನಿಸಿಕೆಗಳಲ್ಲಿ ಎಂಟರ ಕೊನೆಗೆ ಒಂದೇ ಪ್ರಶ್ನೆ ಇರುತ್ತಿತ್ತು: “ಹಡಗಿನ ಮ್ಯಾಲ ತೋಪು ಅದ. ತೋಪು ಯಾವಾಗ ಹಾರ್ತದ?” ಯಾಕೆಂದರೆ ವ್ಯಾಪಾರ ಇತ್ತು, ಯುದ್ಧ ಇನ್ನೂ ಇರಲಿಲ್ಲ.

ಆಮೇಲೆ ಎರಡು ಸಾವಿರದ ಹನ್ನೊಂದರಲ್ಲಿ ಪ್ರತ್ಯೇಕ ತೆಲಂಗಾಣಕ್ಕಾಗಿ ಆ ದೊಡ್ಡ ಮುಷ್ಕರ. ನಿಮಗೆಲ್ಲಾ ನೆನಪಿದೆ. ಬಸ್ಸಿಲ್ಲ, ಶಾಲೆಯಿಲ್ಲ, ಆಫೀಸಿಲ್ಲ, ನಲವತ್ತೆರಡು ದಿನ. ತಹಸೀಲ್ ಆಫೀಸಿನ ಮುಂದೆ ನಿರಶನದ ಟೆಂಟು. ನಾವು ಮಾಸ್ತರರೂ ಪಾಳಿಯ ಮೇಲೆ ಕೂರುತ್ತಿದ್ದೆವು. ನನಗೊಂದು ಹುಕ್ಕಿ ಬಂತು. ದೇವಿದಾಸನಿಗೆ ಹೇಳಿ ಕಂಪ್ಯೂಟರು, ಬ್ಯಾಟರಿ ಟೆಂಟಿಗೆ ತರಿಸಿದೆ. ಹುಡುಗರು ಮುತ್ತಿಬಿಟ್ಟರು. ಯಾರೋ ಮೈಕಿನಲ್ಲಿ ಕೂಗಿದರು, “ಇದು ನಮ್ಮ ತೆಲಂಗಾಣದ ಆಟ! ನಮ್ಮ ಮಂದಿ ಮಾಡಿದ್ದು!” ಚಪ್ಪಾಳೆ. ಇನ್ನೊಬ್ಬರು ಕೇಳಿದರು, “ಯುದ್ಧ ಯಾವಾಗ?” ನನಗೆ ಮೈಯಲ್ಲಿ ಏನು ಬಂತೋ ಗೊತ್ತಿಲ್ಲ. ಮೈಕು ಕಸಿದುಕೊಂಡೆ. “ದೀಪಾವಳಿಗೆ!” ಅಂದೆ.

ಅಂದಮೇಲೆ ದೇವಿದಾಸನ ಮುಖ ನೋಡಿದೆ. ಅವನು ತಲೆಯನ್ನು ಹೀಗೆ — ಹೂಂ ಅಂತಲೂ ಅಲ್ಲ, ಊಹೂಂ ಅಂತಲೂ ಅಲ್ಲ — ಹೀಗೆ ಅಲ್ಲಾಡಿಸಿದ. ನಾನು ಹೂಂ ಅಂತ ತಿಳಿದೆ.

ದೀಪಾವಳಿ ಹೋಯಿತು. ಪುಸ್ತಕ ತುಂಬ ಬೈಗುಳ ಬಂದವು. ನಾನು ಕೇಳಿದೆ, “ಏನಾತೋ ದೇವಿದಾಸ?” ಅವನು ಅಂದ, “ಆಗ್ಯಾದ್ರಿ ಸರ್. ಮನ್ಯಾಗ ಅದ. ಸ್ವಲ್ಪ ನೆಟ್ಟಗ ಮಾಡಾಕ ಬೇಕು.” ಮನೆಯಲ್ಲಿ ಇದೆ! ನನಗೆ ಅಷ್ಟು ಸಾಕಾಗಿತ್ತು. ಮೂರೂ ಪುಸ್ತಕಗಳಲ್ಲಿ ದಪ್ಪ ಅಕ್ಷರದಲ್ಲಿ ಬರೆದೆ: “ಯುದ್ಧದ ಭಾಗ ಸಿದ್ಧವಾಗಿದೆ. ನಾನು ಕಣ್ಣಾರೆ ಕಂಡಿದ್ದೇನೆ.” ಕೆಳಗೆ ನನ್ನ ರುಜು. ಕಂಡಿದ್ದೆನೇ? ಇಲ್ಲ. ಅವನ ಮಾತೇ ನನಗೆ ಕಣ್ಣು. ತಾಂಡೂರಿನಲ್ಲಿ ಅದನ್ನು ಬರೆಯುವಾಗ ಅವನು ನನ್ನ ಪಕ್ಕದಲ್ಲೇ ಕೂತು ಬಸಿಯಲ್ಲಿ ಚಹಾ ಆರಿಸುತ್ತಿದ್ದ. ನನ್ನ ಕೈ ಹಿಡಿದು ತಡೆಯಲಿಲ್ಲ.

ಡಿಸೆಂಬರಿನಲ್ಲಿ ತಾಂಡೂರಿನ ಪುಸ್ತಕದಲ್ಲಿ ಒಂದು ಅನಿಸಿಕೆ ಬಂತು. ಆ ಪುಸ್ತಕ ಇಲ್ಲಿ ತಂದಿದ್ದೇನೆ. ಓದುತ್ತೇನೆ, ಕೇಳಿ.

“ಸರ್, ನಾನು ನಲವತ್ತು ಸಲ ಹಡಗು ತಗೊಂಡು ಹೋಗಿ ಬಂಡೆಗೆ ಡಿಕ್ಕಿ ಹೊಡದೀನಿ. ಹಡಗಿಗೆ ಏನೂ ಆಗಲಿಲ್ಲ. ಒಂದು ಚೀಲ ಜೋಳ ಸುದ್ದಾ ಕಮ್ಮಿ ಆಗಲಿಲ್ಲ. ಈ ಆಟದಾಗ ಹಡಗು ಒಡಿಯೂದನ್ನ ಯಾರೂ ಮಾಡೇ ಇಲ್ಲ. ಒಡಿಯಲಾರದ ಹಡಗಿಗೆ ಯುದ್ಧ ಹ್ಯಾಂಗ ಮಾಡ್ತಾರ? ಯುದ್ಧ ಸಿದ್ಧ ಆಗ್ಯಾದ ಅಂತ ಮ್ಯಾಲ ಬರದದ್ದು ಖರೇ ಅಲ್ಲ. ಮಾಡಾಕ ಬರಲಿಲ್ಲ ಅಂದ್ರ ಬರಲಿಲ್ಲ ಅಂತ ಹೇಳ್ರಿ. ಸಂತಿ ಆಟ ಭಾಳ ಛಲೋ ಅದ. ನಮಗ ಅಷ್ಟೇ ಸಾಕು. — ಬಾಲಮಣಿ, ಪೆದ್ದೆಮುಲ್.”

ಬಾಲಮಣಿ ಆಗ ತಾಂಡೂರಿನಲ್ಲಿ ಡಿಗ್ರಿ ಎರಡನೇ ವರ್ಷ. ದಿನಾ ಪೆದ್ದೆಮುಲ್‌ನಿಂದ ಬಸ್ಸಿನಲ್ಲಿ ಬಂದು, ಕ್ಲಾಸು ಮುಗಿಸಿ, ರಾಮುಲು ಅವರ ಸೆಂಟರಿನಲ್ಲಿ ಕಂಪ್ಯೂಟರ್ ಕಲಿತು ಹೋಗುವ ಹುಡುಗಿ.

ಈ ಪುಸ್ತಕವನ್ನು ದೇವಿದಾಸನೇ ತಂದ. ಸುಮ್ಮನೆ ಮೇಜಿನ ಮೇಲೆ ಇಟ್ಟು ಹೋಗಲಿಲ್ಲ. ಇದೇ ಪುಟ ತೆರೆದು ನನ್ನ ಮುಂದೆ ಇಟ್ಟು — ನಿಂತ. ನಾನು ಓದಿ ಮುಗಿಸುವವರೆಗೂ ನಿಂತಿದ್ದ. ನಾನು ಏನು ಮಾಡಬೇಕಾಗಿತ್ತು? ಭೌತಶಾಸ್ತ್ರದ ಮಾಸ್ತರ ನಾನು. ಒಬ್ಬಳು ಹುಡುಗಿ ನಲವತ್ತು ಸಲ ಪ್ರಯೋಗ ಮಾಡಿ ನೋಡಿ ಬರೆದಿದ್ದಾಳೆ. ಹೋಗಿ ಒಂದು ಸಲ ಡಿಕ್ಕಿ ಹೊಡೆದು ನೋಡಬೇಕಿತ್ತು, ಇಲ್ಲವೇ ತಲೆ ಎತ್ತಿ ‘ಖರೇನೋ?’ ಅಂತ ಅವನನ್ನು ಕೇಳಬೇಕಿತ್ತು. ನಾನು ಕೇಳಲಿಲ್ಲ. “ನಡಿ ತಾಂಡೂರಿಗೆ” ಅಂದೆ.

ಅವನು ಗಾಡಿ ತೆಗೆದ. ನನ್ನನ್ನು ಹಿಂದೆ ಕೂರಿಸಿಕೊಂಡು ತಾಂಡೂರಿನವರೆಗೂ ಒಯ್ದ. ದಾರಿಯಲ್ಲಿ ಎರಡು ಕಡೆ ಚಹಾಕ್ಕೆ ನಿಂತೆವು. ಎರಡೂ ಕಡೆ ಚಹಾದ ದುಡ್ಡು ಅವನೇ ಕೊಟ್ಟ.

ರಾಮುಲು ಅವರ ಸೆಂಟರಿನಲ್ಲಿ, ಎಲ್ಲರ ಎದುರು, ಬಾಲಮಣಿಯ ಅನಿಸಿಕೆಯ ಕೆಳಗೆ ನಾನು ಕೆಂಪು ಶಾಯಿಯಲ್ಲಿ ಬರೆದೆ. ಇಲ್ಲಿ ಇದೆ, ಓದಲು ನಾಚಿಕೆಯಾಗುತ್ತದೆ, ಆದರೂ ಓದುತ್ತೇನೆ: “ಇಂಥವರಿಂದಲೇ ತೆಲಂಗಾಣಕ್ಕೆ ದ್ರೋಹ. ಈಕೆಯನ್ನು ಇನ್ನು ಮುಂದೆ ಕೂರಿಸಬಾರದು.”

ಒಂದು ಆಟ ಅಪೂರ್ಣವಾಗಿದೆ ಅಂದದ್ದಕ್ಕೆ ದ್ರೋಹ! ಆಗಿನ ಗಾಳಿಯೇ ಹಾಗಿತ್ತು ಅಂತ ಹೇಳಿ ತಪ್ಪಿಸಿಕೊಳ್ಳಬಹುದು. ಟೆಂಟಿಗೆ ಬರದವನು ದ್ರೋಹಿ, ಅಂಗಡಿ ಮುಚ್ಚದವನು ದ್ರೋಹಿ ಅನ್ನುತ್ತಿದ್ದ ಕಾಲ. ಆದರೆ ಪೆನ್ನು ಹಿಡಿದದ್ದು ಗಾಳಿಯಲ್ಲ, ಈ ಕೈ.

ರಾಮುಲು ಅವರು ಇಲ್ಲೇ ಇದ್ದಾರೆ. ಮರುದಿನ ಆಕೆ ಬಂದಾಗ ಅವರು ಪುಸ್ತಕ ತೋರಿಸಿ ಬಾಗಿಲಲ್ಲೇ ನಿಲ್ಲಿಸಿದರಂತೆ. ಆಕೆ ಅತ್ತಿಲ್ಲ, ಜಗಳ ಆಡಿಲ್ಲ. “ಸರ್ ಅವರೇ ಒಂದ ಸಲ ಬಂಡೆಗೆ ಹೊಡದು ನೋಡ್ಲಿ, ಅಷ್ಟ ಹೇಳ್ರಿ” ಅಂದು ಹೋದಳಂತೆ. ರಾಮುಲು ಆ ಮಾತನ್ನು ನನಗೆ ಮುಟ್ಟಿಸಿದರು. ನಾನು ನೋಡಲಿಲ್ಲ. ಅಲ್ಲಿಂದ ಮುಂದೆ ಬಸ್ಸಿನಲ್ಲಿ ಹುಡುಗರು ಆಕೆಯನ್ನು ‘ದ್ರೋಹಿ’ ಅಂತಲೇ ಕರೆದರು. ಮಾತು ಅವಳ ಸೋದರಮಾವನ ಕಿವಿಗೆ ಬಿತ್ತು. ಅವರು ಚಳವಳಿಯಲ್ಲಿ ಓಡಾಡುವವರು. ಮನೆಯ ಮರ್ಯಾದೆ ಹೋಯಿತು ಅಂತ ಕಾಲೇಜೇ ಬಿಡಿಸಿದರು. ಒಂದು ವರ್ಷ ಆಕೆ ಮನೆಯಲ್ಲಿ ಕೂತಳು. ನನ್ನ ಎರಡು ಸಾಲಿಗೆ ಒಬ್ಬಳ ಒಂದು ವರ್ಷ ಹೋಯಿತು.

ಇದೆಲ್ಲ ನನಗೆ ಗೊತ್ತಾದದ್ದು ಈ ಹನ್ನೆರಡು ದಿನಗಳಲ್ಲಿ. ದೇವಿದಾಸನಿಗೆ? ಅವನಿಗೆ ಆಗಲೇ ಗೊತ್ತಿತ್ತು. ವಾರವಾರ ತಾಂಡೂರಿಗೆ ಹೋಗುವವನು ಅವನಲ್ಲವೇ.

ಆಸ್ಪತ್ರೆಯಲ್ಲಿ ನಾಲ್ಕನೆಯ ದಿನ ನಾನು ಪಕ್ಕದಲ್ಲಿ ಕೂತಿದ್ದೆ. ಕಣ್ಣು ಹಳದಿ, ತುಟಿ ಒಣಗಿತ್ತು. “ಸರ್, ತಾಂಡೂರದ ಹುಡುಗಿ ಬಂದಿದ್ಳೇನ್ರಿ?” ಅಂತ ಕೇಳಿದ. “ಯಾವ ಹುಡುಗಿಯೋ?” ಅಂದೆ. “ಹಡಗು ಒಡಿಯಂಗಿಲ್ಲ ಅಂದಾಕಿ.” ಜ್ವರದಲ್ಲಿ ಬಡಬಡಿಸುತ್ತಿದ್ದಾನೆ ಅಂದುಕೊಂಡೆ. “ಈಗ ಅದೆಲ್ಲಾ ಬ್ಯಾಡ, ಮಲಕೋ” ಅಂದೆ. ಅವನು ಗೋಡೆಯ ಕಡೆ ತಿರುಗಿ ಮಲಗಿದ.

ಅವನು ಹೋದ ಐದನೆಯ ದಿನಕ್ಕೆ ಶಿಲ್ಪಾರಾಣಿ ನನಗೆ ಫೋನ್ ಮಾಡಿದಳು. “ಸರ್, ಮಂದಿ ಮಾತಾಡ್ಸಾಕ ಬಂದವರೆಲ್ಲಾ ಯುದ್ಧದ್ದು ಕೇಳ್ತಾರ. ಇವರ ಕಂಪ್ಯೂಟರ್ ತೆಗೀರಿ. ಮಾಡಿಟ್ಟದ್ದು ಎಲ್ಲಾರಿಗೂ ಕೊಟ್ಟುಬಿಡೂನು. ಅವರ ಹೆಸರು ಉಳೀತದ.” ಎರಡು ವರ್ಷ ರಜೆಯ ದಿನವೆಲ್ಲಾ ‘ಯುದ್ಧ ಮಾಡಾಕತ್ತೀನಿ’ ಅಂತ ಅವನು ಆ ಕೋಣೆಯಲ್ಲಿ ಬಾಗಿಲು ಹಾಕಿಕೊಂಡು ಕೂತಿದ್ದನಂತೆ. ಈಕೆ ಹೊರಗಿನಿಂದ ಊಟ ಇಡುತ್ತಿದ್ದಳು. ನಂಬಿದವನು ನಾನೊಬ್ಬನೇ ಅಲ್ಲ.

ನಾನು, ರಾಮುಲು, ಶಿಲ್ಪಾರಾಣಿ — ಮೂವರೂ ಕೂತು ತೆಗೆದೆವು. ‘ಯುದ್ಧ’ ಅಂತ ಒಂದು ಕಡತ ಇತ್ತು. ಆಕೆಯ ಮುಖ ಅರಳಿತು. ಒಳಗೆ ಎರಡೇ ಎರಡು ಸಾಮಾನು. ತೋಪಿನ ಒಂದು ಚಿತ್ರ, ತೋಪಿನ ಒಂದು ಸದ್ದು. ಒತ್ತಿದೆ. ಢಂ ಅಂತು. ಇನ್ನೊಮ್ಮೆ ಒತ್ತಿದೆ. ಢಂ. ಅಷ್ಟೇ ರೀ. ಮೂರು ಊರು ಎರಡು ವರ್ಷ ಕಾದ ಯುದ್ಧ ಅದು. ಶಿಲ್ಪಾರಾಣಿ ಎದ್ದು ಒಳಗೆ ಹೋದಳು.

ಪಕ್ಕದಲ್ಲಿ ಇನ್ನೊಂದು ಕಡತ ಇತ್ತು. ಮೂರೂ ಪುಸ್ತಕಗಳ ಎಲ್ಲಾ ಅನಿಸಿಕೆಗಳನ್ನು, ಒಂದೂ ಬಿಡದೆ, ಅವನು ಕೂತು ಟೈಪ್ ಮಾಡಿದ್ದ. ಬಾಗಿಲು ಹಾಕಿಕೊಂಡು ಮಾಡಿದ್ದು ಇದನ್ನು. ಒಂದೊಂದರ ಮುಂದೆ ‘ಖರೆ’ ಅಥವಾ ‘ಸುಳ್ಳು’ ಅಂತ ಗುರುತು. ಬಸ್ಸೇ ಜಲ್ದಿ ಅಂದವರ ಮುಂದೆ — ಖರೆ. ಬಾಲಮಣಿಯ ಅನಿಸಿಕೆಯ ಮುಂದೆ — ಖರೆ. ತಾರೀಕೂ ಹಾಕಿದ್ದ. ನನ್ನನ್ನು ಗಾಡಿಯ ಮೇಲೆ ಕೂರಿಸಿಕೊಂಡು ಹೋಗುವುದಕ್ಕೆ ಎರಡು ದಿನ ಮೊದಲಿನ ತಾರೀಕು. ‘ಕಣ್ಣಾರೆ ಕಂಡಿದ್ದೇನೆ’ ಅಂತ ನಾನು ಬರೆದ ಸಾಲಿನ ಮುಂದೆ ಹೀಗಿತ್ತು: “ಸುಳ್ಳು. ಆದ್ರ ಸರ್ ನನ್ನ ಮಾತಿನ ಮ್ಯಾಲ ಬರದಾರ.”

ಅಂದರೆ ತಿಳಿದೇ ಒಯ್ದ. ನನ್ನ ಕೈಯಲ್ಲಿ ಆ ಕೆಂಪು ಸಾಲು ಬರೆಸಿದ. ನನಗೆ ಮೋಸ ಆಗಿದೆ — ಇದನ್ನು ಅವನ ಫೋಟೋದ ಮುಂದೆಯೇ ಹೇಳುತ್ತೇನೆ. ದೇವಿದಾಸ, ನೀನು ನನಗೆ ಮೋಸ ಮಾಡಿದೆ. ನಿನಗೆ ಯುದ್ಧ ಮಾಡಲು ಬರಲಿಲ್ಲ, ಅದು ತಪ್ಪಲ್ಲ. ನಿನಗೆ ಸಂತೆ ಗೊತ್ತಿತ್ತು, ಸಂತೆ ಮಾಡಿದೆ. ಅಂಥದ್ದನ್ನು ನಾನು ಬೇರೆ ಎಲ್ಲೂ ನೋಡಿಲ್ಲ. ‘ಬರಂಗಿಲ್ಲ ಸರ್’ ಅಂತ ಎರಡು ಶಬ್ದ ಅಂದಿದ್ದರೆ ನಾನು ಏನು ಮಾಡುತ್ತಿದ್ದೆ? ಎರಡು ದಿನ ಮುಖ ಊದಿಸಿಕೊಂಡು ಇರುತ್ತಿದ್ದೆ. ಮೂರನೆಯ ದಿನ ಚಹಾಕ್ಕೆ ಕರೆಯುತ್ತಿದ್ದೆ. ಅಷ್ಟು ಸಹ ನನ್ನ ಮೇಲೆ ನಂಬಿಕೆ ಇರಲಿಲ್ಲವೇನೋ ನಿನಗೆ?

ನನ್ನ ಹೆಂಡತಿ ಕೇಳಿದಳು, “ಟೆಂಟಿನ್ಯಾಗ ಮೈಕ್ ಹಿಡಕೊಂಡವರು ಯಾರ್ರಿ?” ಅಂತ. ನಾನೇ. ಸಾವಿರ ಜನರ ಮುಂದೆ ಮಾಸ್ತರ ‘ದೀಪಾವಳಿಗೆ’ ಅಂದುಬಿಟ್ಟರೆ ಲ್ಯಾಬ್ ಸಹಾಯಕ ‘ಇಲ್ಲ’ ಅನ್ನುವುದು ಹೇಗೆ? ಇದನ್ನೂ ನಾನು ಈ ದಿನಗಳಲ್ಲಿ ಯೋಚಿಸಿದ್ದೇನೆ. ಯೋಚಿಸಿದರೂ ಸಿಟ್ಟು ಕಮ್ಮಿ ಆಗಿಲ್ಲ, ಸುಳ್ಳು ಯಾಕೆ ಹೇಳಲಿ. ಅವನ ಮೇಲಿನದೂ ಆಗಿಲ್ಲ, ನನ್ನ ಮೇಲಿನದೂ ಆಗಿಲ್ಲ.

ಆಟಗಾರ ಮಿತ್ರರೇ, ನಿಮಗೆ ಉತ್ತರ ಬೇಕು. ಯುದ್ಧ ಇಲ್ಲ. ಇರಲಿಲ್ಲ. ಬರುವುದೂ ಇಲ್ಲ. ಮೂರೂ ಪುಸ್ತಕಗಳಲ್ಲಿ ಇದನ್ನು ಬರೆದು ರುಜು ಹಾಕಿದ್ದೇನೆ. ನೀವು ನನ್ನನ್ನು ಬೈಯಬಹುದು. ಶಿಲ್ಪಾರಾಣಿಯನ್ನು, ಕಾಕಾ ಅವರನ್ನು ಯಾರೂ ಕೇಳಬೇಡಿ. ಅವರಿಗೂ ನಿಮ್ಮಷ್ಟೇ ಗೊತ್ತಿತ್ತು.

ಇನ್ನೊಂದು ಮಾತು. ಸಭೆ ಶುರುವಾದಾಗಿನಿಂದ ಹಿಂದಿನ ಸಾಲಿನಲ್ಲಿ, ಬಾಗಿಲ ಪಕ್ಕ, ಒಬ್ಬಳು ಕೂತಿದ್ದಾಳೆ. ಚಹಾ ಕೊಟ್ಟರೆ ಒಲ್ಲೆ ಅಂದಳು. ನಾನು ಆಕೆಯನ್ನು ಮುಂಚೆ ನೋಡಿರಲಿಲ್ಲ — ನೋಡದೆಯೇ ಬರೆದಿದ್ದೆ. ರಾಮುಲು ಈಗ ತೋರಿಸಿದರು. ಬಾಲಮಣಿ, ಪೆದ್ದೆಮುಲ್‌ನಿಂದ ಬಂದಿದ್ದೀ. ನಿನ್ನನ್ನು ಹೊರಗೆ ಹಾಕಿದಾಗ ಸುಮ್ಮನಿದ್ದವನಿಗೆ ಗೌರವ ಕೊಡಲು ಬಂದಿದ್ದೀ. ನನ್ನಿಂದ ತಪ್ಪಾಗಿದೆ ತಾಯೀ. ನೀನು ಬರೆದದ್ದು ಖರೆ. ನಾನು ಬರೆದದ್ದು ಸುಳ್ಳು. ಎಲ್ಲರ ಎದುರು ದ್ರೋಹಿ ಅಂದಿದ್ದೆ, ಎಲ್ಲರ ಎದುರೇ ಕ್ಷಮೆ ಕೇಳುತ್ತೇನೆ. ಕೊಡುವುದು, ಬಿಡುವುದು ನಿನ್ನ ಖುಷಿ.

ಈಗ ನಮ್ಮ ದೇವಿದಾಸನಿಗಾಗಿ ಎರಡು ನಿಮಿಷ ಮೌನ. ದಯವಿಟ್ಟು ಎಲ್ಲರೂ ಎದ್ದು ನಿಲ್ಲಿ. ಮೊಗಲಪ್ಪ ಕಾಕಾ, ನಿಮ್ಮ ಮೊಣಕಾಲು ನೋವು, ನೀವು ಕೂತಿರಿ.

ಬಾಲಮಣಿ — ನೀನು ಸುಮ್ಮನಿರಬೇಡ. ಎರಡು ವರ್ಷ ನಿನ್ನ ಬಾಯಿ ಮುಚ್ಚಿಸಿದ್ದೇವೆ, ಸಾಕು. ಬಾ, ಮೈಕು ಇಲ್ಲಿದೆ. ಬೈಯುವುದಿದ್ದರೆ ಬೈ. ಏನಾದರೂ ಹೇಳು. ನಾವು ನಿಂತು ಕೇಳುತ್ತೇವೆ.

ದಾರಿ ಬಿಡ್ರಿ ಆಕೆಗೆ.